ನತ್ತಿಂಗಕ್ಕೆ ಬೆಳದಿಂಗಳೇ ದೀಪ

ತಿಪಟೂರು ಕಡೆಯ ತೋಟದ ಮನೆಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಬಂಡಿದಾರಿಯಲ್ಲಿ ಒಂದು ಹಕ್ಕಿ ರಾತ್ರಿಯಿಡೀ “ಚಕ್ ಚಕ್ ಚಕ್‌ರ್‌ರ್” ಎನ್ನುತ್ತದೆ. ಅಮಾವಾಸ್ಯೆ ಸುತ್ತ ಮುಸ್ಸಂಜೆಗೆ ಎರಡು ಸಲ ಕೂಗಿ ಸುಮ್ಮನಾಗುತ್ತದೆ. ಗೂಬೆ, ಅಪಶಕುನ ಎಂದು ನಮ್ಮತ್ತೆ ಕಲ್ಲು ಹೊಡೆಸುತ್ತಾರೆ. ಇದಕ್ಕೂ ಚಂದ್ರನಿಗೂ ಏನು ನಂಟು?’

ನಿಮ್ಮ ಕಿವಿ ಸೂಕ್ಷ್ಮವಾಗಿದೆ. ಅದು ಗೂಬೆಯಲ್ಲ, ನತ್ತಿಂಗ. ಹಗಲೆಲ್ಲ ತರಗೆಲೆಯ ಹಾಗೆ ನೆಲಕ್ಕಂಟಿ ಕೂತಿರುವ ಹಕ್ಕಿ. ರಾತ್ರಿ ದಾರಿಯ ಮೇಲೆ ಟಾರ್ಚ್ ಬಿಟ್ಟರೆ ಎರಡು ಕೆಂಡದಂಥ ಕಣ್ಣು ಹೊಳೆಯುತ್ತವೆ. ಒಂದು ಹುಣ್ಣಿಮೆಯಂದು ನಾನು ಕೆರೆ ಏರಿಯ ಮೇಲೆ ಕೂತು ನೋಡಿದ್ದೇನೆ. ನೆಲದಿಂದ ಚಿಮ್ಮಿ ಆಳೆತ್ತರಕ್ಕೇರಿತು, ಗಾಳಿಯಲ್ಲೇ ಒಮ್ಮೆ ಹೊರಳಿತು, ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು. ರೆಕ್ಕೆಯ ಸದ್ದೇ ಇಲ್ಲ.

ಹಾಗೆ ಚಿಮ್ಮಿ ಹಾರುವ ಹುಳ ಹಿಡಿಯಲು ಅದಕ್ಕೆ ಕಣ್ಣು ಬೇಕು. ಕೆಳಗಿನಿಂದ ನೋಡುವಾಗ ಬೆಳಕಿರುವ ಆಕಾಶದೆದುರು ಪತಂಗ ಕಪ್ಪು ಚುಕ್ಕೆಯಾಗಿ ಕಾಣಬೇಕು. ಕತ್ತಲ ರಾತ್ರಿಯಲ್ಲಿ ಆ ಬೆಳಕು ಸಿಗುವುದು ಮುಸ್ಸಂಜೆ ಮತ್ತು ನಸುಕಿನ ಸ್ವಲ್ಪ ಹೊತ್ತು ಮಾತ್ರ. ಬೆಳದಿಂಗಳಿದ್ದರೆ ರಾತ್ರಿಯೆಲ್ಲ ಊಟ, ಜೊತೆಗೆ ಕೂಗಾಟ. ಅಮಾವಾಸ್ಯೆಯಲ್ಲಿ ಅದು ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಎಲ್ಲೋ ಸುಮ್ಮನೆ ಕೂತಿರುತ್ತದೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಯುರೋಪಿನ ನತ್ತಿಂಗಗಳ ಮೈಗೆ ಪುಟ್ಟ ಯಂತ್ರ ಕಟ್ಟಿ ಇದನ್ನೇ ಅಳೆದು 2019ರಲ್ಲಿ ಪ್ರಕಟಿಸಿದರು. ಬೆಳದಿಂಗಳ ರಾತ್ರಿಗಳಲ್ಲಿ ಅವುಗಳ ಬೇಟೆಯ ಹಾರಾಟ ಎರಡು ಪಟ್ಟಿಗೂ ಹೆಚ್ಚಾಗಿತ್ತು. ನನಗೆ ಮೈ ಜುಮ್ಮೆನಿಸಿದ್ದು ಇನ್ನೊಂದು ಸಂಗತಿ: ಆಫ್ರಿಕಾ ಕಡೆಗಿನ ವಲಸೆಯಲ್ಲಿ ಆ ಹಕ್ಕಿಗಳು ಹುಣ್ಣಿಮೆ ಕಳೆದು ಸುಮಾರು ಹತ್ತು ದಿನಕ್ಕೆ, ಬೇರೆ ಬೇರೆ ಜಾಗಗಳಲ್ಲಿದ್ದರೂ, ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತಿದ್ದವು. ಬೆಳಕಿರುವಾಗ ತಿಂದು ಕೊಬ್ಬು ಕೂಡಿಸಿ, ಕತ್ತಲಾದಾಗ ಪ್ರಯಾಣ.

ಎಲ್ಲ ಇರುಳ ಹಕ್ಕಿಗಳೂ ಹೀಗಲ್ಲ. ಕಣಜ ಗೂಬೆ ಗಾಢ ಕತ್ತಲಲ್ಲೂ ಕಿವಿಯಿಂದಲೇ ಇಲಿ ಹಿಡಿಯಬಲ್ಲದು. ಅದೇ 2019ರಲ್ಲಿ ಸ್ವಿಟ್ಜರ್ಲೆಂಡಿನ ಕಣಜ ಗೂಬೆಗಳ ಅಧ್ಯಯನವೊಂದು ಹೊರಬಂತು. ಬೆಳದಿಂಗಳಲ್ಲಿ ಕೆಂಚು ಬಣ್ಣದ ಗೂಬೆಗಳ ಬೇಟೆ ಕುಗ್ಗುತ್ತದೆ, ಬಿಳಿಯವುಗಳದ್ದು ಅಷ್ಟು ಕುಗ್ಗುವುದಿಲ್ಲ. ಹೊಳೆಯುವ ಬಿಳಿ ಮೈ ಕಂಡ ಇಲಿಗಳು ಓಡುವ ಬದಲು ಹೆಚ್ಚು ಹೊತ್ತು ಮರಗಟ್ಟಿ ನಿಲ್ಲುತ್ತವಂತೆ.

ಅತ್ತೆಯವರಿಗೆ ದಯವಿಟ್ಟು ಹೇಳಿ, ಕಲ್ಲು ಬೇಡ. ನತ್ತಿಂಗ ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಒಂದು ಕಲ್ಲು ಸಾಕು, ಆ ಸಲದ ಸಂಸಾರ ಮುಗಿಯಿತು.

ನಿಮ್ಮಿಂದ ನನಗೊಂದು ಉಪಕಾರವಾಗಬೇಕು. ಬಹುಳ ಅಷ್ಟಮಿಯಂದು ಚಂದ್ರ ಹುಟ್ಟುವುದು ಸುಮಾರು ನಡುರಾತ್ರಿಗೆ. ಆ ರಾತ್ರಿ ಎಚ್ಚರವಿದ್ದು, ಸಂಜೆ ನಿಂತ ಕೂಗು ಮತ್ತೆ ಎಷ್ಟು ಗಂಟೆಗೆ ಶುರುವಾಯಿತೆಂದು ಬರೆದುಕೊಳ್ಳಿ. ಮೋಡವಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.

— ಸಂಪಾದಕ