ಕೇಸು ಒಂದು, ನಂಬರು ಮೂರು

ಕೋರ್ಟು–ಕಚೇರಿ ಪ್ರಶ್ನೋತ್ತರ
ಉತ್ತರಿಸುವವರು: ನಿವೃತ್ತ ಶಿರಸ್ತೇದಾರರು

ಪ್ರಶ್ನೆ: ಸಾರ್, 2021ರಲ್ಲಿ ಜಮೀನಿನ ಬದುವಿನ ವಿಚಾರಕ್ಕೆ ಗಲಾಟೆಯಾಗಿ ನಮ್ಮ ಅಣ್ಣನ ತಲೆಗೆ ಮಚ್ಚಿನೇಟು ಬಿತ್ತು. ಏಳು ಜನರ ಮೇಲೆ ಕೊಲೆ ಯತ್ನದ ಕೇಸಾಯಿತು. ಈಗ ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿ.ಸಿ. (ಕೆಳ ಕೋರ್ಟಿನ ಕೇಸು) ನಂಬರ್ ಹಾಕಿದರೆ ‘ಡಿಸ್ಪೋಸ್ಡ್’ ಅಂತ ಬರುತ್ತಿದೆ. ಅಣ್ಣನನ್ನು ಸಾಕ್ಷಿ ಹೇಳಲು ಇನ್ನೂ ಕರೆದೇ ಇಲ್ಲ. ಕೇಸು ಮುಗಿದುಹೋಯಿತೇ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಗಾಬರಿಯಾಗಬೇಡಿ. ಬಹುಮಟ್ಟಿಗೆ ಅದು ಸೆಷನ್ಸ್ ಕೋರ್ಟಿಗೆ ಹೋಗಿರುತ್ತದೆ. ಕೊಲೆ ಯತ್ನದ ಕೇಸನ್ನು ಜೆ.ಎಂ.ಎಫ್.ಸಿ., ಅಂದರೆ ಕೆಳಗಿನ ಮ್ಯಾಜಿಸ್ಟ್ರೇಟ್ ಕೋರ್ಟು ವಿಚಾರಣೆ ಮಾಡುವ ಹಾಗಿಲ್ಲ. ಚಾರ್ಜ್‌ಶೀಟ್ ಅಲ್ಲಿಗೆ ಬರುತ್ತದೆ, ಸಿ.ಸಿ. ನಂಬರ್ ಬೀಳುತ್ತದೆ, ಆರೋಪಿಗಳಿಗೆ ನಕಲು ಕೊಟ್ಟು ಸೆಷನ್ಸ್‌ಗೆ ಕಮಿಟ್ ಮಾಡುತ್ತಾರೆ, ಅಂದರೆ ವಿಚಾರಣೆಗೆ ಒಪ್ಪಿಸುತ್ತಾರೆ. ಕಮಿಟ್ ಆದ ದಿನವೇ ಕೆಳಗಿನ ಕೋರ್ಟಿನ ಲೆಕ್ಕದಲ್ಲಿ ಅದು ವಿಲೇವಾರಿ. ಮೇಲಿನ ಕೋರ್ಟಿನಲ್ಲಿ ಎಸ್.ಸಿ. (ಸೆಷನ್ಸ್ ಕೇಸು) ನಂಬರ್ ಬಿದ್ದು ಹೊಸದಾಗಿ ಶುರು. 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರೂ (ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ ಕೊಡುವ ಗುರುತು) ಬೇರೆಯೇ ಆಗುತ್ತದೆ, ಯಾಕೆಂದರೆ ಅದರೊಳಗೆ ಕೋರ್ಟಿನ ಸಂಕೇತವೂ ಸೇರಿರುತ್ತದೆ. ನೀವು ಸಿ.ಸಿ. ನಂಬರ್ ಬಿಟ್ಟು ಎಫ್.ಐ.ಆರ್. ನಂಬರಿನಿಂದ ಹುಡುಕಿ. ಸೆಷನ್ಸ್ ಕೋರ್ಟನ್ನು ಆರಿಸಿಕೊಂಡು ಠಾಣೆ, ನಂಬರ್, ವರ್ಷ ಹಾಕಿದರೆ ಮುಂದಿನ ವಾಯಿದೆ ಸಿಗಬೇಕು.

ನಿಮ್ಮ ಪ್ರಶ್ನೆ ನನಗೆ ಇಷ್ಟವಾದದ್ದಕ್ಕೆ ಬೇರೆ ಕಾರಣವಿದೆ. ತಿಂಗಳ ಕೊನೆಗೆ ಕೋರ್ಟಿನ ಸ್ಟೇಟ್‌ಮೆಂಟ್ ಬರೆಯುವುದು ನನ್ನ ಕೆಲಸವಾಗಿತ್ತು. ಹೊಸ ಕೇಸು ಎಷ್ಟು, ವಿಲೇವಾರಿ ಎಷ್ಟು, ಬಾಕಿ ಎಷ್ಟು. ನಿಮ್ಮ ಕೇಸಿನಂಥದ್ದು ಈ ಕಾಲಂಗಳಲ್ಲಿ ಹೇಗೆ ಕೂರುತ್ತದೆ ನೋಡಿ. ಏಳು ಜನರಲ್ಲಿ ಒಬ್ಬ ತಲೆಮರೆಸಿಕೊಂಡ ಅಂತಿಟ್ಟುಕೊಳ್ಳಿ. ಅವನಿಗಾಗಿ ಉಳಿದವರನ್ನು ಕಾಯಿಸುವ ಹಾಗಿಲ್ಲ, ಅವನ ಪಾಲಿನ ಕೇಸನ್ನು ಸ್ಪ್ಲಿಟ್ ಅಪ್ ಮಾಡಿ, ಅಂದರೆ ಬೇರ್ಪಡಿಸಿ, ಹೊಸ ಸಿ.ಸಿ. ನಂಬರ್ ಕೊಡುತ್ತಾರೆ. ವಾರಂಟ್ ಮೇಲೆ ವಾರಂಟ್ ಹೊರಡಿಸಿದರೂ ಸಿಗದಿದ್ದರೆ ಅದು ಎಲ್.ಪಿ.ಸಿ. ರಿಜಿಸ್ಟರಿಗೆ, ಅಂದರೆ ಬಹುಕಾಲ ಬಾಕಿಯ ಪಟ್ಟಿಗೆ ಹೋಗುತ್ತದೆ. ಈಗ ಎಣಿಸಿ. ಠಾಣೆಯ ಲೆಕ್ಕದಲ್ಲಿ ಒಂದು ಅಪರಾಧ. ಕೋರ್ಟುಗಳ ಲೆಕ್ಕದಲ್ಲಿ ಮೂರು ನಂಬರು, ಅದರಲ್ಲಿ ಒಂದು ಆಗಲೇ ವಿಲೇವಾರಿ! ಒಬ್ಬ ಸಾಕ್ಷಿಯೂ ಕಟಕಟೆ ಹತ್ತಿಲ್ಲ.

ಹೀಗಿರುವಾಗ ಪೊಲೀಸರ ಅಂಕಿಯನ್ನೂ ಕೋರ್ಟಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಟಿ.ವಿ.ಯಲ್ಲಿ ಜಗಳವಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸುಪ್ರೀಂ ಕೋರ್ಟು ಕೇಳಿದ್ದಕ್ಕೆ ಕಾನೂನು ಆಯೋಗ 2014ರಲ್ಲಿ ಕೊಟ್ಟ 245ನೇ ವರದಿಯಲ್ಲೂ ಇದೇ ಗೋಳು. ಕೆಲವು ರಾಜ್ಯಗಳಲ್ಲಿ ಟ್ರಾಫಿಕ್ ಚಲನ್‌ಗಳನ್ನೂ ಕೇಸಿನ ಲೆಕ್ಕಕ್ಕೆ ಸೇರಿಸುತ್ತಾರೆ, ಕೆಲವು ಕಡೆ ಸೇರಿಸುವುದಿಲ್ಲ. ಕೆಲವು ಕಡೆ ಒಂದೇ ದಾವೆಯೊಳಗಿನ ಮಧ್ಯಂತರ ಅರ್ಜಿಗೂ ಬೇರೆ ಲೆಕ್ಕ. ದೇಶದ ಕೆಳ ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಜಾಸ್ತಿ ಕೇಸು ಬಾಕಿ ಅಂತ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ಯಾವುದೋ ಅಪರಾಧದಲ್ಲಿ ಶಿಕ್ಷೆಯಾಗುವುದು ಶೇ 30 ಮಾತ್ರ ಅಂದರೆ, ಉಳಿದ ಶೇ 70 ಸುಳ್ಳು ಕೇಸು ಅಂತಲೇ ಅರ್ಥ ಅಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಮೊದಲು ಭಾಗಾಕಾರ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಶಿಕ್ಷೆಯ ಪ್ರಮಾಣ ಲೆಕ್ಕ ಹಾಕುವುದು ಆ ವರ್ಷ ವಿಚಾರಣೆ ಮುಗಿದ ಕೇಸುಗಳ ಮೇಲೆ. ಸಾವಿರ ಕೇಸು ಕೋರ್ಟಿನಲ್ಲಿದ್ದು ನೂರು ಮುಗಿದು ಮೂವತ್ತರಲ್ಲಿ ಶಿಕ್ಷೆಯಾದರೆ ಶೇ 30. ಉಳಿದ ಒಂಬೈನೂರು ಆ ಲೆಕ್ಕದಲ್ಲೇ ಇಲ್ಲ. 2021ರ ವರದಿಯಲ್ಲಿ ಐ.ಪಿ.ಸಿ. ಕೇಸುಗಳ ಶಿಕ್ಷೆ ಪ್ರಮಾಣ ಶೇ 57. ಪರವಾಗಿಲ್ಲವಲ್ಲ ಅನ್ನಿಸುತ್ತದೆ. ಆದರೆ ಅದೇ ವರ್ಷದ ಕೊನೆಗೆ ಕೋರ್ಟಿನಲ್ಲಿದ್ದ ಕೇಸುಗಳಲ್ಲಿ ಶೇ 90ಕ್ಕೂ ಜಾಸ್ತಿ ಬಾಕಿಯೇ ಇದ್ದವು.

ಇನ್ನು ಖುಲಾಸೆಯ ವಿಚಾರ. ನಾನು ಕಂಡ ಖುಲಾಸೆಗಳಿಗೆ ಕಾರಣ ನೂರೆಂಟು. ಮಹಜರಿಗೆ (ಪೊಲೀಸರು ಸ್ಥಳದಲ್ಲಿ ಬರೆಯುವ ಪಂಚನಾಮೆಗೆ) ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ‘ಠಾಣೆಗೆ ಕರೆದು ಸಹಿ ಮಾಡಿಸಿಕೊಂಡರು, ಅದರಲ್ಲೇನಿದೆ ಗೊತ್ತಿಲ್ಲ’ ಅನ್ನುತ್ತಾರೆ. ಊರಿನಲ್ಲಿ ರಾಜಿಯಾಗಿ ಗಾಯಾಳುವೇ ತಿರುಗಿ ಬೀಳುತ್ತಾನೆ. ತನಿಖಾಧಿಕಾರಿಗೆ ವರ್ಗವಾಗಿ ಸಮನ್ಸ್ ತಲುಪಿರುವುದಿಲ್ಲ. ನಿಜಕ್ಕೂ ಸುಳ್ಳು ಕೇಸುಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ. ತೀರ್ಪಿನಲ್ಲಿ ನ್ಯಾಯಾಧೀಶರು ಇದನ್ನೆಲ್ಲ ಪುಟಗಟ್ಟಲೆ ಬರೆಯುತ್ತಾರೆ. ರಾಷ್ಟ್ರೀಯ ಕೋಷ್ಟಕಕ್ಕೆ ಬರುವಾಗ ಉಳಿಯುವುದು ‘ಖುಲಾಸೆ: 1’ ಮಾತ್ರ.

ನನಗೆ ಸಿಟ್ಟು ಬರುವುದು ಇಲ್ಲೇ. ಗುಜರಾತಿನ ಆರು ವರ್ಷದ ಬಾಲಕಿಯ ಕೊಲೆ ಪ್ರಕರಣದಲ್ಲಿ ಆರೋಪಿಯನ್ನು ಬಿಡಬೇಕಾಗಿ ಬಂದಾಗ, 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಪ್ರತಿ ಖುಲಾಸೆಯನ್ನೂ ಪೊಲೀಸ್ ಮತ್ತು ಪ್ರಾಸಿಕ್ಯೂಷನ್ ಇಲಾಖೆಯ ಹಿರಿಯರ ಸಮಿತಿ ಪರಿಶೀಲಿಸಬೇಕು, ತಪ್ಪು ಎಲ್ಲಾಯಿತು ಅಂತ ದಾಖಲಿಸಬೇಕು ಅಂತ. ಅಂದರೆ ಕಾರಣ ಹುಡುಕಲು ಆದೇಶವಾಗಿದೆ. ಆ ಕಾರಣಕ್ಕೆ ಒಂದು ಕಾಲಂ ಕೊಟ್ಟು, ಕೇಸು ನಡೆಸಿದ ಎ.ಪಿ.ಪಿ.ಯೇ (ಸಹಾಯಕ ಸರ್ಕಾರಿ ಅಭಿಯೋಜಕರೇ) ತುಂಬುವ ಹಾಗೆ ಮಾಡಿದರೆ ಸಾಕು. ಪಂಚರ ಸಮಸ್ಯೆ ಎಷ್ಟು, ಲ್ಯಾಬ್ ವರದಿ ತಡವಾದದ್ದು ಎಷ್ಟು ಅಂತ ಜಿಲ್ಲೆವಾರು ಗೊತ್ತಾಗುತ್ತದೆ. ಬರೀ ಶೇಕಡಾವಾರು ಹಿಡಿದು ಅಭಿಯೋಜಕರನ್ನು ಅಳೆಯಲು ಹೊರಟರೆ ಇನ್ನೊಂದು ಅಪಾಯವಿದೆ. ಜಪಾನಿನಲ್ಲಿ ಶಿಕ್ಷೆ ಪ್ರಮಾಣ ಶೇ 99ಕ್ಕೂ ಜಾಸ್ತಿ. ಅಲ್ಲಿ ಗೆಲ್ಲುವುದು ಅನುಮಾನ ಅನ್ನಿಸಿದ ಕೇಸನ್ನು ಅಭಿಯೋಜಕರು ಕೋರ್ಟಿಗೇ ತರುವುದಿಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಬ್ಯೂರೋದ ಅಂಕಿ ತೆಗೆದುಕೊಳ್ಳಲೋ, ನ್ಯಾಷನಲ್ ಜುಡಿಶಿಯಲ್ ಡೇಟಾ ಗ್ರಿಡ್‌ನದ್ದೋ?
– ಓದುಗರು, ಮೈಸೂರು

ಉತ್ತರ: ಎರಡೂ ತೆಗೆದುಕೊಳ್ಳಮ್ಮ, ಕೂಡಿಸಬೇಡ. ಬ್ಯೂರೋದ ಅಂಕಿ ಠಾಣೆಯಿಂದ ಜಿಲ್ಲೆ, ರಾಜ್ಯ ದಾಟಿ ಹೋಗುತ್ತದೆ. ಕೋರ್ಟಿನಲ್ಲಿ ಏನಾಯಿತು ಅನ್ನುವುದನ್ನೂ ಪೊಲೀಸರೇ ಬರೆದು ಕಳಿಸುತ್ತಾರೆ, ಅದು ನಮ್ಮ ಕೋರ್ಟ್ ಪಿ.ಸಿ. (ಕೋರ್ಟಿನ ಕೆಲಸಕ್ಕೆ ಠಾಣೆಯಿಂದ ಬರುವ ಕಾನ್‌ಸ್ಟೆಬಲ್) ಗುರುತು ಹಾಕಿಕೊಂಡು ಹೋದದ್ದರ ಮೇಲೆ ನಿಂತಿರುತ್ತದೆ. ಜೊತೆಗೆ ಒಂದು ಎಫ್.ಐ.ಆರ್.ನಲ್ಲಿ ಅತ್ಯಾಚಾರ, ಕೊಲೆ ಎರಡೂ ಇದ್ದರೆ ದೊಡ್ಡ ಅಪರಾಧವನ್ನಷ್ಟೇ ಎಣಿಸುತ್ತಾರೆ. ಅದು ಕೊಲೆಯ ಪಟ್ಟಿಗೆ ಹೋಗುತ್ತದೆ. ಗ್ರಿಡ್ಡು ಅಂದರೆ ಕೇಸುಗಳ ಲೆಕ್ಕ ತೋರಿಸುವ ಜಾಲತಾಣ, ಕೋರ್ಟಿನದೇ ಅಂಕಿ, ದಿನದಿನವೂ ಬದಲಾಗುತ್ತದೆ. ಬಾಕಿಯ ವಯಸ್ಸು ತಿಳಿಯಲು ಒಳ್ಳೆಯದು. ವರ್ಷಗಳನ್ನು ಹೋಲಿಸುವಾಗ ಹುಷಾರು. 2024ರ ಜುಲೈ 1ರಿಂದ ಐ.ಪಿ.ಸಿ. ಬದಲು ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆಯ ಕಲಮು 302 ಹೋಗಿ 103 ಆಯಿತು. ಹಿಂದೆ ನಡೆದ ಅಪರಾಧಕ್ಕೆ ಹಳೆಯ ಕಲಮೇ. ಇನ್ನೂ ಎಷ್ಟೋ ವರ್ಷ ಎರಡು ಕಾಯ್ದೆಯ ಕೇಸುಗಳೂ ಒಂದೇ ಕೋರ್ಟಿನಲ್ಲಿ ನಡೆಯುತ್ತವೆ.

ಪೊಲೀಸ್, ಕೋರ್ಟ್, ಜೈಲು, ಪ್ರಾಸಿಕ್ಯೂಷನ್, ಲ್ಯಾಬ್ ಐದನ್ನೂ ಜೋಡಿಸುವ ಐ.ಸಿ.ಜೆ.ಎಸ್. ಅನ್ನುವ ವ್ಯವಸ್ಥೆ ಈಗಿದೆ. ನನ್ನನ್ನು ಕೇಳಿದರೆ, ಎಫ್.ಐ.ಆರ್. ದಿನ ಒಂದು ನಂಬರ್ ಕೊಟ್ಟು ಮೇಲ್ಮನವಿಯವರೆಗೆ ಅದನ್ನೇ ಎಳೆದುಕೊಂಡು ಹೋಗಬೇಕು, ಲೆಕ್ಕವನ್ನೂ ಅದರ ಮೇಲೆಯೇ ಹಾಕಬೇಕು. ಘಟನೆ ಎಷ್ಟು, ಆರೋಪಿ ಎಷ್ಟು, ಕೋರ್ಟಿನ ಕಡತ ಎಷ್ಟು ಅಂತ ಮೂರು ಬೇರೆ ಕಾಲಂ. ಕಮಿಟ್ ಆದದ್ದನ್ನು ವಿಲೇವಾರಿ ಅನ್ನಬಾರದು, ವರ್ಗಾವಣೆ ಅನ್ನಬೇಕು.

ಪ್ರಶ್ನೆ: ನಮ್ಮ ಜಿಲ್ಲೆಯ ಖುಲಾಸೆ ಪರಿಶೀಲನಾ ಸಮಿತಿ ಏನು ಮಾಡಿದೆ ಅಂತ ಸಾಮಾನ್ಯರು ಕೇಳಬಹುದೇ?
– ಓದುಗರು, ಶಿರಸಿ

ಉತ್ತರ: ಧಾರಾಳವಾಗಿ. ಪ್ರಾಸಿಕ್ಯೂಷನ್ ಇಲಾಖೆಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದ ಜೊತೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹೆಸರು, ತನಿಖೆಯ ವಿವರ ಕೇಳಿದರೆ ಕೊಡುವುದಿಲ್ಲ ಅಂತಾರೆ, ಬರೀ ಸಂಖ್ಯೆ ಕೇಳಿ: ಎಷ್ಟು ಸಭೆ, ಎಷ್ಟು ಖುಲಾಸೆ ಪರಿಶೀಲನೆ, ಎಷ್ಟರಲ್ಲಿ ಮೇಲ್ಮನವಿಗೆ ಶಿಫಾರಸು. 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಪದ 150 ಮೀರಬಾರದು. ಪೀಠಿಕೆ ಬರೆಯಲು ಹೋಗಬೇಡಿ.