ಅವರಿಗೆ ಸುಳ್ಳು ಹೇಳಿ ಹೋಗಬೇಡಿ, ಅಕ್ಕಾ

ಪ್ರಶ್ನೆ: ನನಗೆ 56 ವರ್ಷ. ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಒಬ್ಬಳೇ ಮಗಳು, ಇಲ್ಲೇ ಇಂಜಿನಿಯರಿಂಗ್ ಓದಿ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಬರುವ ತಿಂಗಳು ನಾವಿಬ್ಬರೂ ಅವಳ ಹತ್ತಿರ ಹೋಗುತ್ತಿದ್ದೇವೆ. ಅಲ್ಲಿ ಟೆಂಪಲ್ ಬಾರ್ ಅಂತ ಹೆಸರುವಾಸಿ ಪಬ್ ಇದೆಯಂತೆ. ಯಾವಾಗಲೂ ಜನವೋ ಜನವಂತೆ, ಪಿಟೀಲು ನುಡಿಸುತ್ತಾರಂತೆ. ಮದುವೆಗೆ ಮುಂಚೆ ನಾನು ಪಿಟೀಲು ಕಲಿಯುತ್ತಿದ್ದೆ, ಆಮೇಲೆ ಬಿಟ್ಟುಹೋಯಿತು. ಅದಕ್ಕೇ ಮಗಳಿಗೆ ನನ್ನನ್ನು ಅಲ್ಲಿಗೆ ಕರೆದೊಯ್ಯುವ ಆಸೆ. ನಮ್ಮ ಮನೆಯವರಿಗೆ ಬಾರ್ ಅಂದರೆ ಆಗದು. ನಮ್ಮ ಭಾವ ಕುಡಿದು ಕುಡಿದೇ ಹೋದರು, ವಾರಗಿತ್ತಿ ಈಗಲೂ ನಮ್ಮ ಜೊತೆಗೇ ಇದ್ದಾರೆ. ವಿಡಿಯೋ ಕಾಲ್‌ನಲ್ಲಿ ಈ ಮಾತು ಬಂದಾಗ "ನನ್ನ ಹೆಂಡ್ತಿ ಬಾರ್ ಮೆಟ್ಟಿಲು ಹತ್ತೋದಾ?" ಅಂತ ಎದ್ದು ಹೋದರು. ಈಗ ಮಗಳು "ಅಪ್ಪಂಗೆ ಹೇಳೋದೇ ಬೇಡಮ್ಮ, ಶಾಪಿಂಗ್ ಅಂತ ಹೇಳಿ ನಾವಿಬ್ರೇ ಹೋಗಿ ಬರೋಣ" ಅನ್ನುತ್ತಾಳೆ. ಈ ವಯಸ್ಸಲ್ಲಿ ಇಂಥ ಆಸೆ ತಪ್ಪಾ? ಅವಳೂ ಕುಡಿಯುತ್ತಾಳೇನೋ ಅನ್ನುವ ಭಯ ಬೇರೆ.
ಹೆಸರು ಬೇಡ, ದಾವಣಗೆರೆ

ಅಕ್ಕಾ, ಆಸೆ ತಪ್ಪಲ್ಲ. ಹೋಗಿ ಬನ್ನಿ. ಆದರೆ ಶಾಪಿಂಗ್ ಅಂತ ಹೇಳಿ ಹೋಗಬೇಡಿ. ಇದೊಂದರಲ್ಲಿ ಮಗಳ ಮಾತು ಕೇಳಬೇಡಿ.

ಕುಡಿತ ಹೊಕ್ಕ ಮನೆಯಲ್ಲಿ ಎಲ್ಲರೂ ಸುಳ್ಳು ಹೇಳುವುದನ್ನು ಕಲಿಯಬೇಕಾಗುತ್ತದೆ. ಕುಡಿಯುವವರು "ಫ್ರೆಂಡ್ ಮನೇಲಿದ್ದೆ" ಅನ್ನುತ್ತಾರೆ. ಬಂದ ನೆಂಟರಿಗೆ ತಾಯಿ "ಜ್ವರ, ಮಲಗಿದಾನೆ" ಅನ್ನುತ್ತಾರೆ. ಬಾಗಿಲಿಗೆ ಬಂದ ಸಾಲಗಾರರಿಗೆ "ಅಣ್ಣ ಊರಲ್ಲಿಲ್ಲ" ಅಂತ ಹೇಳುವ ಕೆಲಸ ತಮ್ಮನ ಪಾಲಿಗೆ ಬರುತ್ತದೆ. ನಿಮ್ಮ ಯಜಮಾನರು ಆ ಮನೆಯ ತಮ್ಮ. ಎಷ್ಟು ವರ್ಷ ಹಾಗೆ ಹೇಳಿದರೋ, ಎಷ್ಟು ಸಲ ಅಣ್ಣನಿಂದಲೇ ಸುಳ್ಳು ಕೇಳಿಸಿಕೊಂಡರೋ, ಅವರಿಗೇ ಗೊತ್ತು. ಅಂಥವರಿಗೆ ಹೆಂಡತಿ, ಮಗಳು ಸೇರಿ ಬಾರ್‌ನ ವಿಷಯಕ್ಕೇ ಸುಳ್ಳು ಹೇಳಿದರು ಅಂತ ಆಮೇಲೆ ಯಾವುದೋ ಫೋಟೋದಿಂದ ಗೊತ್ತಾದರೆ? ನೀವು ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದಿದ್ದರೂ ಅವರು ನಂಬುವುದಿಲ್ಲ. ನಂಬದಿದ್ದರೆ ಅವರ ತಪ್ಪೂ ಅಲ್ಲ.

ಅವರ ಕಣ್ಣಲ್ಲಿರುವ ಬಾರ್ ನಿಮಗೂ ಗೊತ್ತಿರುವುದೇ. ಬೆಳಿಗ್ಗೆಯೇ ವೈನ್ ಶಾಪ್ ಮುಂದೆ ನಿಂತಿರುವ ಗಂಡಸರು, ಹೆಂಗಸರು ಅತ್ತ ನೋಡದೆ ಬೇಗ ಬೇಗ ದಾಟುವ ರಸ್ತೆ. ಟೆಂಪಲ್ ಬಾರ್ ಬೇರೆ ತರಹದ ಜಾಗ. ಅದು ಒಂದು ಪಬ್ಬಿನ ಹೆಸರೂ ಹೌದು, ಆ ಇಡೀ ಪ್ರದೇಶದ ಹೆಸರೂ ಹೌದು. ಲಿಫಿ ನದಿಯ ದಕ್ಷಿಣ ದಡದಲ್ಲಿ ಕಲ್ಲು ಹಾಸಿದ ಹಳೇ ಓಣಿಗಳು. 1980ರ ದಶಕದಲ್ಲಿ ಅಲ್ಲಿನ ಕಟ್ಟಡಗಳನ್ನು ಕೆಡವಿ ದೊಡ್ಡ ಬಸ್ ನಿಲ್ದಾಣ ಕಟ್ಟುವ ಯೋಜನೆ ಇತ್ತು. ಕೆಡವುವ ತನಕ ಖಾಲಿ ಬಿಡುವುದೇಕೆ ಅಂತ ಕಡಿಮೆ ಬಾಡಿಗೆಗೆ ಕೊಟ್ಟರು. ಚಿತ್ರ ಬರೆಯುವವರು, ಸಂಗೀತಗಾರರು, ಸಣ್ಣ ಅಂಗಡಿಯವರು ಬಂದು ತುಂಬಿಕೊಂಡರು. ಜಾಗಕ್ಕೆ ಎಷ್ಟು ಕಳೆ ಬಂತೆಂದರೆ ಬಸ್ ನಿಲ್ದಾಣದ ಯೋಜನೆಯನ್ನೇ ಕೈಬಿಟ್ಟರು. 1991ರಲ್ಲಿ ಸರ್ಕಾರವೇ ಅದನ್ನು ಕಲೆ, ಸಂಸ್ಕೃತಿಯ ಪ್ರದೇಶವಾಗಿ ಬೆಳೆಸಲು ಮುಂದಾಯಿತು. ಪ್ರವಾಸಿಗರ ಜಾತ್ರೆ ಶುರುವಾಗಿದ್ದು ಅದರ ಹಿಂದೆಯೇ.

ಹಾಗಂತ ಅದು ಸಂಗೀತ ಸಭೆ ಅಂತ ನಾನು ಹೇಳಲಾರೆ. ಕುಡಿಯುವ ಜಾಗವೇ. ಶುಕ್ರವಾರ, ಶನಿವಾರ ರಾತ್ರಿ ಕಾಲಿಡಲು ಜಾಗವಿರುವುದಿಲ್ಲ. ಮದುವೆಗೆ ಮುಂಚಿನ ಪಾರ್ಟಿ ಅಂತ ದೂರದೂರದಿಂದ ಗುಂಪು ಗುಂಪಾಗಿ ಬಂದವರ ಕೂಗಾಟ ಬೇರೆ. ಆ ಹೊತ್ತಿಗೆ ಹೋದರೆ ನಿಮಗೆ ಪಿಟೀಲೂ ಕೇಳಿಸುವುದಿಲ್ಲ, ಪಕ್ಕದಲ್ಲಿರುವ ಮಗಳ ಮಾತೂ ಕೇಳಿಸುವುದಿಲ್ಲ. ವಾರದ ನಡುವೆ ಮಧ್ಯಾಹ್ನ ಹೋಗಿ. ಕೆಲವು ಸಲ ಬರೀ ಗಿಟಾರ್, ಹಾಡು ಇರುತ್ತದೆ. ಹಾಗಾಗಿ ಪಿಟೀಲು ಯಾವ ಹೊತ್ತಿಗೆ ಅಂತ ಮಗಳು ಮೊದಲೇ ವಿಚಾರಿಸಿಕೊಳ್ಳಲಿ. ವಾದ್ಯ ನೀವು ಕಲಿತದ್ದೇ. ನಾವು ನೆಲದ ಮೇಲೆ ಕೂತು ಪಾದಕ್ಕೆ ಆನಿಸಿ ನುಡಿಸಿದರೆ ಅವರು ಕುರ್ಚಿಯಲ್ಲಿ ಕೂತು ಗದ್ದದ ಕೆಳಗಿಟ್ಟು ನುಡಿಸುತ್ತಾರೆ. ರೀಲ್, ಜಿಗ್ ಅನ್ನುವ ಕುಣಿತದ ಮಟ್ಟುಗಳು, ಬಹಳ ವೇಗ. ಜೊತೆಗೆ ಆಡಿನ ಚರ್ಮದ ಬೌರಾನ್ ಇದ್ದರೆ ನಮ್ಮ ದಮ್ಮಡಿ ನೆನಪಾಗುತ್ತದೆ. ಬೆರಳು ನೋಡುವಷ್ಟು ಹತ್ತಿರ ಕೂತುಕೊಳ್ಳಿ ಅಕ್ಕಾ. ಕಲಿತವರಿಗೆ ಅದರ ಸುಖವೇ ಬೇರೆ.

ಒಳಗೆ ಹೊಗೆ ಇರುವುದಿಲ್ಲ. ಕೆಲಸದ ಜಾಗಗಳಲ್ಲಿ ಧೂಮಪಾನವನ್ನು ಇಡೀ ದೇಶದಲ್ಲಿ ಮೊದಲು ನಿಲ್ಲಿಸಿದ್ದೇ ಐರ್ಲೆಂಡ್, 2004ರಲ್ಲಿ. ಅಪ್ಪ ಅಮ್ಮನ ಜೊತೆ ಬಂದ ಚಿಕ್ಕ ಮಕ್ಕಳು ರಾತ್ರಿ 9 ಗಂಟೆಯವರೆಗೆ ಪಬ್ಬಿನಲ್ಲಿರಲು ಅಲ್ಲಿನ ಕಾನೂನು ಬಿಡುತ್ತದೆ. ಇದನ್ನು ಯಜಮಾನರಿಗೆ ಹೇಳಿ. ಕೌಂಟರಿಗೆ ಹೋಗಿ ನೀವೇ ಕೇಳಿ ತರಬೇಕು. ಜ್ಯೂಸ್, ಕಾಫಿ ತಗೊಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಐರಿಶ್ ಕಾಫಿ ಮಾತ್ರ ಬೇಡ, ಅದರಲ್ಲಿ ವಿಸ್ಕಿ ಇರುತ್ತದೆ. ಸೂಪ್ ತಗೊಳ್ಳುವ ಮುಂಚೆ ಮಾಂಸದ ರಸ ಹಾಕಿದ್ದಾರಾ ಅಂತ ಕೇಳಿ. ಒಂದು ಬಿಯರಿಗೆ ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿ ಆಸುಪಾಸು ಆಗುವ ಜಾಗ ಅದು, ಹಾಗಾಗಿ ಊರಿನವರು ಬೇರೆ ಕಡೆ ಹೋಗುವುದೇ ಜಾಸ್ತಿ. ನೂಕುನುಗ್ಗಲಲ್ಲಿ ಜೇಬುಗಳ್ಳರೂ ಇರುತ್ತಾರೆ. ಪರ್ಸು, ಪಾಸ್‌ಪೋರ್ಟು ಜೋಪಾನ.

ಈಗ ಯಜಮಾನರಿಗೆ ಹೇಳುವ ವಿಷಯ. ಡಬ್ಲಿನ್‌ಗೆ ಹೋದ ಮೇಲೆ ಮಗಳ ಎದುರಿಗೆ ಬೇಡ. ಇಲ್ಲೇ ಹೇಳಿ, ನೀವಿಬ್ಬರೇ ಇರುವಾಗ. ಕುಂದವಾಡ ಕೆರೆಗೆ ವಾಕಿಂಗ್ ಹೋಗುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು. ಪಕ್ಕಪಕ್ಕ ನಡೆಯುವಾಗ ಗಂಡಸರ ಬಾಯಿ ಸ್ವಲ್ಪ ಸಡಿಲವಾಗುತ್ತದೆ. "ರೀ, ನಂಗೆ ಆ ಪಿಟೀಲು ಕೇಳ್ಬೇಕು ಅಂತಿದೆ. ನಿಮಗೆ ಮುಚ್ಚಿಟ್ಟು ಹೋಗಲ್ಲ. ನೀವೂ ಬರಲೇಬೇಕು ಅಂತ ಬಲವಂತಾನೂ ಮಾಡಲ್ಲ." ಇಷ್ಟು ಸಾಕು. ಆಮೇಲೆ ಸುಮ್ನಿರಿ. ಅವರು ಅಣ್ಣನ ಮಾತೆತ್ತಬಹುದು. ಎತ್ತಿದರೆ ಪಬ್ಬಿನ ವಿಷಯ ಅಲ್ಲಿಗೇ ಬಿಟ್ಟು, ಅದನ್ನು ಪೂರ್ತಿ ಕೇಳಿಸಿಕೊಳ್ಳಿ. ಆ ದುಃಖವನ್ನು ಅವರು ಯಾರ ಮುಂದಾದರೂ ಬಿಚ್ಚಿದ್ದಾರೋ ಇಲ್ಲವೋ.

ಅವರಿಗೆ ಇನ್ನೊಂದು ವಿಷಯವೂ ತಿಳಿದಿರಲಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರಲ್ಲ, ಐರ್ಲೆಂಡಿನಲ್ಲೂ ಕುಡಿತ ಬಿಡಿಸಲು ಹೊರಟ ಪಾದ್ರಿಗಳಿದ್ದರು. 1898ರಲ್ಲಿ ಡಬ್ಲಿನ್‌ನಲ್ಲೇ ಜೇಮ್ಸ್ ಕಲೆನ್ ಅನ್ನುವ ಪಾದ್ರಿ ಪಯೋನಿಯರ್ ಸಂಘ ಕಟ್ಟಿದರು. ಕುಡಿಯುವುದಿಲ್ಲ ಅಂತ ವ್ರತ ತೊಟ್ಟವರು ಎದೆಯ ಮೇಲೆ ಒಂದು ಸಣ್ಣ ಪಿನ್ ಹಾಕಿಕೊಳ್ಳುತ್ತಾರೆ. ಕುಡಿತದಿಂದ ನೊಂದ ಮನೆಗಳು ಅಲ್ಲೂ ಇದ್ದವು, ಈಗಲೂ ಇವೆ. ಅಲ್ಲಿ ತಾನೊಬ್ಬನೇ ಬೇರೆಯವನು ಅಂತ ಅವರು ಅಂದುಕೊಳ್ಳಬೇಕಾಗಿಲ್ಲ.

ಮೊದಲು ಮೂವರೂ ಗ್ರಾಫ್ಟನ್ ಸ್ಟ್ರೀಟಿಗೆ ಹೋಗಿ. ಅದು ಹೆಸರಾದ ಪೇಟೆ ಬೀದಿ, ವಾಹನಗಳ ಕಾಟವಿಲ್ಲ, ಬಯಲಲ್ಲೇ ನಿಂತು ನುಡಿಸುವವರಿರುತ್ತಾರೆ. ಅಲ್ಲಿ ಅವರೂ ಜೊತೆಗೆ ನಿಂತು ಕೇಳಬಹುದು. ಪಬ್ಬಿಗೆ ಹೋಗುವ ದಿನ ಅವರು ಬರುವುದಿಲ್ಲ ಅಂದರೆ ಬಿಟ್ಟುಬಿಡಿ. ಹತ್ತಿರದಲ್ಲೇ ಲಿಫಿ ನದಿಗೆ 1816ರಲ್ಲಿ ಕಟ್ಟಿದ ಹಾಫ್‌ಪೆನಿ ಸೇತುವೆ ಇದೆ, ಆ ಕಡೆ ನಿಧಾನಕ್ಕೆ ಓಡಾಡಿಕೊಂಡಿರಲಿ. "ಬೇಡ" ಅಂತಲೇ ಹಟ ಹಿಡಿದರೆ? ಆಗಲೂ ಹೇಳಿಯೇ ಹೋಗಿ ಅನ್ನುತ್ತೇನೆ ನಾನು. ಅವರ ನೋವು ನಿಜ. ಆದರೆ ನೀವು ಮದುವೆಯಾದ ಮೇಲೆ ಒಂದು ಪಿಟೀಲು ಬಿಟ್ಟವರು. ಇದನ್ನೂ ಬಿಡಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಫೋಟೋ ತೆಗೆಸಿಕೊಳ್ಳಿ, ಆದರೆ ಸ್ಟೇಟಸ್‌ಗೂ ಫ್ಯಾಮಿಲಿ ಗ್ರೂಪಿಗೂ ಹಾಕಬೇಡಿ. ಜನ ಏನಂತಾರೋ ಅನ್ನುವ ಭಯಕ್ಕಲ್ಲ, ನಿಮ್ಮ ವಾರಗಿತ್ತಿಗಾಗಿ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡವರು ಆ ಚಿತ್ರವನ್ನು ಒಮ್ಮೆಲೇ ಮೊಬೈಲಲ್ಲಿ ನೋಡುವಂತಾಗಬಾರದು. ಊರಿಗೆ ಬಂದ ಮೇಲೆ ಅವರ ಪಕ್ಕ ಕೂತು ನೀವೇ ಹೇಳಿ, ಕೇಳಿದರೆ ತೋರಿಸಿ.

ಇನ್ನು ಮಗಳು ಕುಡಿಯುತ್ತಾಳಾ ಅನ್ನುವುದು. ಪಬ್ ತೋರಿಸುತ್ತೇನೆ ಅಂದ ಮಾತ್ರಕ್ಕೆ ಹೌದು ಅಂತಲ್ಲ, ಇಲ್ಲ ಅಂತಲೂ ಅಲ್ಲ. ಅವಳ ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ನೇರವಾಗಿ ಕೇಳಿ. ಅಪರೂಪಕ್ಕೆ ಒಂದು ಗ್ಲಾಸ್ ಅಂದರೆ ಅಳಬೇಡಿ, ದೊಡ್ಡಪ್ಪನ ಕಥೆ ಎತ್ತಿ ಹೆದರಿಸಬೇಡಿ. ಬೇಜಾರಾದಾಗ, ಒಂಟಿ ಅನಿಸಿದಾಗ ಕುಡಿಯುತ್ತೇನೆ ಅಂದರೆ ಮಾತ್ರ ಅದು ಬೇರೆ ವಿಷಯ. ಆಗ ಅಲ್ಲೇ ಒಬ್ಬ ಡಾಕ್ಟರ ಹತ್ತಿರ ಮಾತಾಡಲು ಒಪ್ಪಿಸಿ, ನೀವಿರುವಷ್ಟು ದಿನ ಜೊತೆಗೆ ಹೋಗಿ. ಅವಳು ಏನೇ ಹೇಳಿದರೂ ಅಪ್ಪನಿಗೆ ತಿಳಿಸುವ ಕೆಲಸ ಅವಳದೇ. ಅದನ್ನು ನೀವು ಹೊತ್ತುಕೊಳ್ಳಬೇಡಿ.