ಉಬುಂಟು ತೆಗೆದ ಮೇಲೆ ವಿಂಡೋಸ್ ಏಕೆ ತೆರೆಯುತ್ತಿಲ್ಲ?

ವಿಂಡೋಸ್ ಜೊತೆಗೆ ಹಾಕಿಕೊಂಡಿದ್ದ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ ಪಾರ್ಟಿಷನ್ (ಡಿಸ್ಕಿನಲ್ಲಿ ಅದಕ್ಕೆ ಮೀಸಲಾದ ಭಾಗ) ಅಳಿಸಿದ ಬಳಿಕ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದಷ್ಟೇ ಕಾಣಿಸುತ್ತಿದ್ದರೆ ಗಾಬರಿಯಾಗಬೇಡಿ. ಬೇರೆ ಪಾರ್ಟಿಷನ್‌ಗಳನ್ನು ಮುಟ್ಟಿಲ್ಲವಾದರೆ ವಿಂಡೋಸ್ ಹಾಗೂ ನಿಮ್ಮ ಕಡತಗಳು ಇದ್ದಲ್ಲೇ ಇವೆ. ತಪ್ಪಿಹೋಗಿರುವುದು ಅವುಗಳನ್ನು ತಲುಪುವ ದಾರಿ ಮಾತ್ರ, ಅದನ್ನು ಸರಿಪಡಿಸಿದರೆ ಸಾಕು.

ಎರಡು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಎಂಬ ಚಿಕ್ಕ ತಂತ್ರಾಂಶವನ್ನು ಉಬುಂಟು ತನ್ನೊಂದಿಗೆ ತರುತ್ತದೆ. ಅದರ ಆರಂಭಿಕ ತುಣುಕು ಉಬುಂಟುವಿನ ಪಾರ್ಟಿಷನ್‌ನ ಹೊರಗೆ ಕುಳಿತಿದ್ದರೆ, ಆಯ್ಕೆಗಳ ಪಟ್ಟಿಯೂ ಉಳಿದ ಭಾಗಗಳೂ ಅದರ ಒಳಗಿರುತ್ತವೆ. ಪಾರ್ಟಿಷನ್ ಅಳಿಸಿದಾಗ ಒಳಗಿನದು ಹೋಗುತ್ತದೆ, ಹೊರಗಿನದು ಉಳಿಯುತ್ತದೆ. ಹಾಗೆ ಉಳಿದ ತುಣುಕು ಇಲ್ಲದ ಕಡತಗಳನ್ನು ಹುಡುಕಿ ಅಲ್ಲಿಯೇ ನಿಂತುಬಿಡುತ್ತದೆ.

ಇತ್ತೀಚಿನ ಯುಇಎಫ್‌ಐ (ಕಂಪ್ಯೂಟರನ್ನು ಆರಂಭಿಸುವ ಹೊಸ ಬಗೆಯ ಒಳತಂತ್ರಾಂಶ) ಇರುವ ಕಂಪ್ಯೂಟರ್‌ಗಳಲ್ಲಿ ಪರಿಹಾರ ಸುಲಭ: ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ (ಕೀಲಿಯು ತಯಾರಕರಿಗೆ ತಕ್ಕಂತೆ ಬದಲಾಗುತ್ತದೆ) ಸೆಟಪ್‌ಗೆ ಹೋಗಿ, ಬೂಟ್ ಕ್ರಮದಲ್ಲಿ (ಯಾವುದು ಮೊದಲು ಆರಂಭವಾಗಬೇಕೆಂಬ ಪಟ್ಟಿಯಲ್ಲಿ) ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ‘ಉಬುಂಟು’ವಿಗಿಂತ ಮೇಲಕ್ಕೆ ತಂದು ಉಳಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್ ಬಳಸುತ್ತಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳಿ.

ಯುಇಎಫ್‌ಐಗಿಂತ ಹಿಂದಿನ ಬಯಾಸ್ ಇರುವ ಹಳೆಯ ಕಂಪ್ಯೂಟರ್‌ನಲ್ಲಿ ಆ ತುಣುಕು ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ, ಅಂದರೆ ಮಾಸ್ಟರ್ ಬೂಟ್ ರೆಕಾರ್ಡ್‌ನಲ್ಲಿ ಇರುವುದರಿಂದ, ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಆರಂಭಿಸಿ, ‘ರಿಪೇರ್ ಯುವರ್ ಕಂಪ್ಯೂಟರ್’ ಮೂಲಕ ಕಮಾಂಡ್ ಪ್ರಾಂಪ್ಟ್ ತೆರೆದು, ‘ಬೂಟ್‌ರೆಕ್’ ಆಜ್ಞೆಯನ್ನು ‘/ಫಿಕ್ಸ್‌ಎಂಬಿಆರ್’ ಆಯ್ಕೆಯೊಂದಿಗೆ ಇಂಗ್ಲಿಷ್ ಅಕ್ಷರಗಳಲ್ಲಿ (bootrec /fixmbr) ಟೈಪಿಸಬೇಕು. ಎರಡೂ ಸಂದರ್ಭಗಳಲ್ಲಿ, ಗ್ರಬ್ ಉಳಿದಿದೆ ಎಂಬ ಕಾರಣಕ್ಕೆ ಇಎಫ್‌ಐ ಪಾರ್ಟಿಷನ್ನನ್ನಾಗಲಿ ‘ಸಿಸ್ಟಂ ರಿಸರ್ವ್ಡ್’ ಎಂಬ ಪುಟ್ಟ ಪಾರ್ಟಿಷನ್ನನ್ನಾಗಲಿ ದಯವಿಟ್ಟು ಅಳಿಸಬೇಡಿ, ವಿಂಡೋಸನ್ನು ಆರಂಭಿಸುವ ಕಡತಗಳಿರುವುದೂ ಅಲ್ಲಿಯೇ.